ವಾದ್ಯ ನುಡಿಯುವುದೇನನ್ನು?

ಕನ್ನಡಿಗರಾದ ನಾವು ಡೊಳ್ಳನ್ನು ಬಾರಿಸುತ್ತೇವೆ, ಕೊಳಲನ್ನು ಊದುತ್ತೇವೆ, ತಂತಿಯನ್ನು ಮೀಟುತ್ತೇವೆ; ಆದರೆ ತುಸು ಗೌರವದಿಂದ ಹೇಳಬೇಕಾದಾಗ ಯಾವ ವಾದ್ಯವನ್ನೇ ಆಗಲಿ ‘ನುಡಿಸುತ್ತೇವೆ’. ನುಡಿಯೆಂದರೆ ಮಾತು, ನುಡಿಸುವುದೆಂದರೆ ಮಾತನಾಡಿಸುವುದು. ‘ವಾದ್ಯ’ವೆಂಬ ಸಂಸ್ಕೃತ ಶಬ್ದವೂ ಮಾತನಾಡು ಎಂಬರ್ಥದ ‘ವದ್’ ಧಾತುವಿನಿಂದಲೇ ಹುಟ್ಟಿದುದು. ನಮ್ಮ ನೆರೆಮನೆಯವರ ಮರಾಠಿಯ ‘ವಾಜವಣೆ’ಯೂ ಅದೇ ಬಳ್ಳಿಯ ಕುಡಿ. ವಾದ್ಯವು ಮಾತನಾಡುತ್ತದೆಂಬ ವಿಷಯದಲ್ಲಿ ಗಡಿಯ ಈಚೆಯವರಿಗೂ ಆಚೆಯವರಿಗೂ ಒಮ್ಮತವಿದೆ ಎಂದಾಯಿತು. ಭಿನ್ನಮತ ಹುಟ್ಟುವುದು, ಅದು ಏನನ್ನು ಮಾತನಾಡುತ್ತದೆ ಎಂದು ಕೇಳಿದಾಗ.

ಹಾಡಿನಲ್ಲಿ ಈ ತೊಡಕಿಲ್ಲ. ಅಲ್ಲಿ ಸಾಹಿತ್ಯವು ಕೇಳುವವನ ಕೈಹಿಡಿದು ನಡೆಸುತ್ತದೆ. ತೊಟ್ಟಿಲೆಂದರೆ ತೊಟ್ಟಿಲು, ಮುಗಿಲೆಂದರೆ ಮುಗಿಲು. ಬರಿಯ ಸಿತಾರವನ್ನೋ ಸಾರಂಗಿಯನ್ನೋ ಕೇಳುವಾಗ ಆ ಕೈ ಬಿಟ್ಟುಹೋಗಿರುತ್ತದೆ. ಆದರೂ ಮನಸ್ಸು ಸುಮ್ಮನೆ ಕೂಡುವುದಿಲ್ಲ. ಕಣ್ಣು ಮುಚ್ಚಿದೊಡನೆ ಒಬ್ಬರಿಗೆ ಹೊಳೆ ಕಾಣುತ್ತದೆ, ಇನ್ನೊಬ್ಬರಿಗೆ ಹೊಸಿಲಲ್ಲಿ ನಿಂತು ದಾರಿ ಕಾಯುವ ಹೆಣ್ಣುಮಗಳು ಕಾಣುತ್ತಾಳೆ. ಈ ನೋಟಗಳು ನಾದದೊಳಗೆ ಇದ್ದವೋ, ಕೇಳುವವರೇ ಮನೆಯಿಂದ ಕಟ್ಟಿಕೊಂಡು ಬಂದ ಬುತ್ತಿಯೋ ಎಂಬುದು ವಿಚಾರ ಮಾಡತಕ್ಕ ಸಂಗತಿ.

ನಮ್ಮ ಪ್ರಾಚೀನರು ಇದನ್ನು ವಿಚಾರಿಸದೆ ಬಿಟ್ಟವರಲ್ಲ. ಷಡ್ಜವು ನವಿಲಿನ ಕೂಗು, ಋಷಭವು ಎತ್ತಿನದು, ಗಾಂಧಾರವು ಆಡಿನದು, ಮಧ್ಯಮವು ಕ್ರೌಂಚಪಕ್ಷಿಯದು, ಪಂಚಮವು ಕೋಗಿಲೆಯದು, ಧೈವತವು ಕುದುರೆಯದು, ನಿಷಾದವು ಆನೆಯದು ಎಂದು ‘ನಾರದೀಯ ಶಿಕ್ಷಾ’ ಹೇಳುತ್ತದೆ. ಭರತನ ನಾಟ್ಯಶಾಸ್ತ್ರವು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸ್ವರಗಳನ್ನು ರಸಗಳೊಡನೆ ಗಂಟು ಹಾಕಿದೆ. ಮಧ್ಯಮ ಪಂಚಮಗಳು ಹಾಸ್ಯ ಶೃಂಗಾರಗಳಿಗೆ, ಷಡ್ಜ ಋಷಭಗಳು ವೀರ ರೌದ್ರ ಅದ್ಭುತಗಳಿಗೆ, ಗಾಂಧಾರ ನಿಷಾದಗಳು ಕರುಣಕ್ಕೆ, ಧೈವತವು ಬೀಭತ್ಸ ಭಯಾನಕಗಳಿಗೆ. ಇಂದಿನ ಕಛೇರಿಯಲ್ಲಿ ಧೈವತ ಕೇಳಿದವರಾರೂ ಹೆದರಿ ಓಡುವುದಿಲ್ಲವೆಂಬುದು ನಿಜ. ಆದರೆ ಬರಿಯ ಸ್ವರಕ್ಕೂ ಒಂದು ರೂಪ, ಒಂದು ಭಾವ ಇರಲೇಬೇಕೆಂಬ ಹಂಬಲ ಎಷ್ಟು ಹಳೆಯದೆಂಬುದಕ್ಕೆ ಇದು ಸಾಕ್ಷಿ.

ಆ ಹಂಬಲವು ಬಣ್ಣ ತಳೆದು ರಾಗಮಾಲಾ ಚಿತ್ರಗಳಾಯಿತು. ತೋಡಿ ರಾಗಿಣಿಯು ಅಡವಿಯಲ್ಲಿ ವೀಣೆ ಹಿಡಿದು ನಿಂತ ತರುಣಿ. ಸುತ್ತಲೂ ಮೈಮರೆತ ಜಿಂಕೆಗಳು. ರಾಜಸ್ಥಾನದಲ್ಲಿಯೂ ಹಿಮಾಲಯದ ತಪ್ಪಲಿನಲ್ಲಿಯೂ ದಖ್ಖನಿನ ಸುಲ್ತಾನರ ಆಶ್ರಯದಲ್ಲಿಯೂ ಇಂಥ ಚಿತ್ರಗಳನ್ನು ಬರೆದರು. ದೂರ ಹೋಗುವುದೇ ಬೇಡ. ಸೊಲ್ಲಾಪುರದಿಂದ ಒಂದು ಹೊತ್ತಿನ ಪ್ರಯಾಣದ ವಿಜಾಪುರದಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹೀಮ ಆದಿಲಶಾಹನು ‘ಕಿತಾಬ್-ಎ-ನವರಸ್’ ಎಂಬ ಗೀತಸಂಗ್ರಹವನ್ನು ದಖನಿ ಭಾಷೆಯಲ್ಲಿ ರಚಿಸಿದನು. ಅದರಲ್ಲಿ ಸರಸ್ವತಿ ಗಣಪತಿಯರ ಸ್ತುತಿಯಿದೆ. ‘ಮೋತಿಖಾನ’ನೆಂದು ಹೆಸರಿಟ್ಟು ಪ್ರೀತಿಸಿದ ತನ್ನ ತಂಬೂರಿಯ ಹೊಗಳಿಕೆಯೂ ಇದೆ. ವಾದ್ಯಕ್ಕೆ ಮನುಷ್ಯನ ಹೆಸರಿಟ್ಟ ಅರಸನಿಗೆ ಅದು ಮಾತನಾಡುತ್ತದೆಂಬುದರಲ್ಲಿ ಸಂದೇಹವಿದ್ದಿರಲಾರದು.

ಪಶ್ಚಿಮ ದೇಶಗಳಲ್ಲಿಯೂ ಈ ಪ್ರಶ್ನೆ ಕಾಡಿದೆ. ಬೀಥೋವನ್ 1801ರಲ್ಲಿ ರಚಿಸಿದ ಒಂದು ಪಿಯಾನೋ ಕೃತಿಯನ್ನು ಇಂದು ಜಗತ್ತೆಲ್ಲ ‘ಬೆಳದಿಂಗಳ ಸೊನಾಟಾ’ ಎಂದು ಕರೆಯುತ್ತದೆ. ಅವನು ಅದಕ್ಕೆ ಆ ಹೆಸರಿಟ್ಟಿರಲಿಲ್ಲ. ರೆಲ್‌ಸ್ಟಾಬ್ ಎಂಬ ಜರ್ಮನ್ ವಿಮರ್ಶಕನು ಅದನ್ನು ಸರೋವರದ ಮೇಲಿನ ಬೆಳದಿಂಗಳಿಗೆ ಹೋಲಿಸಿದನು. ಹೋಲಿಕೆಯೇ ಹೆಸರಾಗಿ ಅಂಟಿಕೊಂಡಿತು. ಅಂದಿನಿಂದ ಕೇಳಿದವರಿಗೆಲ್ಲ ತಿಂಗಳು ಮೂಡುತ್ತಲೇ ಇದೆ. ಅದೇ ಬೀಥೋವನ್ 1808ರಲ್ಲಿ ತನ್ನ ಆರನೆಯ ಸಿಂಫನಿಗೆ ತಾನೇ ಹಳ್ಳಿಗಾಡಿನ ಹೆಸರಿಟ್ಟು, ತೊರೆಯನ್ನೂ ಗುಡುಗನ್ನೂ ಹಕ್ಕಿಯ ಕೂಗನ್ನೂ ತಂದನು; ಆದರೂ ಇದು ಚಿತ್ರ ಬರೆಯುವುದಕ್ಕಿಂತ ಹೆಚ್ಚಾಗಿ ಭಾವವನ್ನು ತಿಳಿಸುವ ಪ್ರಯತ್ನವೆಂದು ಎಚ್ಚರಿಸುವುದನ್ನು ಮರೆಯಲಿಲ್ಲ. ಕೇಳುವವರ ಕಲ್ಪನೆಯು ಹಗ್ಗ ಹರಿದ ಹೋರಿಯಂತೆ ಓಡೀತೆಂಬ ಅಂಜಿಕೆ ಅವನಿಗೂ ಇದ್ದಿರಬೇಕು.

ಒಮ್ಮೆ ನಮ್ಮ ಪಡಸಾಲೆಯಲ್ಲಿ ಇದನ್ನು ಪರೀಕ್ಷಿಸಿ ನೋಡುವ ಸಂದರ್ಭ ಒದಗಿತು. ಶಿವಕುಮಾರ ಶರ್ಮಾ ಅವರ ಸಂತೂರ, ಹರಿಪ್ರಸಾದ ಚೌರಾಸಿಯಾ ಅವರ ಕೊಳಲು, ಬೃಜಭೂಷಣ ಕಾಬ್ರಾ ಅವರ ಗಿಟಾರು ಕೂಡಿದ ‘ಕಾಲ್ ಆಫ್ ದ ವ್ಯಾಲಿ’ ಎಂಬ ಧ್ವನಿಮುದ್ರಿಕೆ 1967ರಷ್ಟು ಹಿಂದೆಯೇ ಬಂದುದು. ಕಾಶ್ಮೀರದ ಒಬ್ಬ ಕುರಿಗಾಹಿಯ ಒಂದು ದಿನವನ್ನು ಮುಂಜಾವಿನಿಂದ ರಾತ್ರಿಯವರೆಗೆ ರಾಗಗಳಲ್ಲಿ ಹೇಳುವುದು ಅದರ ಉದ್ದೇಶ. ನಾವು ಅದರ ಹೆಸರನ್ನೂ ಕಥೆಯನ್ನೂ ಮುಚ್ಚಿಟ್ಟು, ಕೊನೆಯ ಪಹಾಡಿಯನ್ನಷ್ಟೇ ಕೇಳಿಸಿದೆವು. ಮುಗಿದ ಮೇಲೆ ಒಬ್ಬೊಬ್ಬರನ್ನೇ ಕೇಳಿದೆವು.

ಅಕ್ಕಲಕೋಟೆಯ ಕಡೆಯಿಂದ ಬಂದ ಸೋದರಮಾವನವರಿಗೆ, ಭೀಮಾತೀರದ ಎರೆಹೊಲದಲ್ಲಿ ಕಂಬಳಿ ಹೊದ್ದು ಮಂದೆಯನ್ನು ತಿರುಗಿಸಿಕೊಂಡು ಬರುವ ಕುರುಬನು ಕಂಡಿದ್ದನು. ಮರಾಠಿ ಶಾಲೆಯ ನಿವೃತ್ತ ಮಾಸ್ತರರಿಗೆ, ಪಂಢರಪುರದ ದಾರಿಯಲ್ಲಿ ಮರದ ಕೆಳಗೆ ಇಳಿದುಕೊಂಡ ವಾರಕರಿಗಳ ದಿಂಡಿ ಕಂಡಿತು. ತೆಲುಗು ಮನೆಮಾತಿನ ನೇಕಾರ ಹಿರಿಯರು ಕೆಲಹೊತ್ತು ಸುಮ್ಮನಿದ್ದು, ತಮಗೆ ಯಾವ ಚಿತ್ರವೂ ಕಾಣಲಿಲ್ಲವೆಂದೂ, ದಿನವೆಲ್ಲ ಸದ್ದು ಮಾಡಿದ ಮಗ್ಗಗಳು ನಿಂತ ಮೇಲೆ ಓಣಿಯಲ್ಲಿ ಇಳಿಯುವ ಶಾಂತಿಯಷ್ಟೇ ನೆನಪಾಯಿತೆಂದೂ ಹೇಳಿದರು. ಹಿಮದ ಬೆಟ್ಟ ಒಬ್ಬರಿಗೂ ಕಾಣಲಿಲ್ಲ. ಆದರೆ ಒಂದು ಸೋಜಿಗ: ಎಲ್ಲರ ನೋಟದಲ್ಲಿಯೂ ದಿನ ಮುಗಿದಿತ್ತು, ದುಡಿದ ಜೀವ ದಣಿವಾರಿಸಿಕೊಳ್ಳುತ್ತಿತ್ತು. ಜಾತ್ರೆಯ ಗದ್ದಲವನ್ನಾಗಲಿ ಜಗಳವನ್ನಾಗಲಿ ಯಾರೂ ಕಾಣಲಿಲ್ಲ. ಭಾವವು ನಾಲ್ಕು ಭಾಷೆಗಳ ಗಡಿ ದಾಟಿ ಬಂದಿತ್ತು. ದೃಶ್ಯವನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ತಮ್ಮ ನೆಲದಿಂದ ತಂದಿದ್ದರು.

ವಿದ್ವಾಂಸರ ಪರೀಕ್ಷೆಗಳು ಹೇಳುವುದೂ ಬಹುಮಟ್ಟಿಗೆ ಇದನ್ನೇ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಿಂದುಸ್ತಾನಿ ಸಂಗೀತದ ಪರಿಚಯವೇ ಇಲ್ಲದ ಪಾಶ್ಚಾತ್ಯ ಕೇಳುಗರು ನಮ್ಮ ರಾಗಗಳಲ್ಲಿ ಸಂತೋಷ, ದುಃಖ, ಕೋಪಗಳನ್ನು ಗುರುತಿಸಬಲ್ಲವರಾದರು. ಶಾಂತವನ್ನು ಗುರುತಿಸುವುದು ಮಾತ್ರ ಅವರಿಗೆ ಅಷ್ಟಾಗಿ ಸಾಧ್ಯವಾಗಲಿಲ್ಲ. ದುಃಖದಲ್ಲಿರುವವನ ದನಿ ತಗ್ಗುತ್ತದೆ, ಮಾತು ನಿಧಾನವಾಗುತ್ತದೆ; ಹಿಗ್ಗಿನಲ್ಲಿ ಚುರುಕಾಗುತ್ತದೆ. ವಾದ್ಯವು ಆ ದನಿಯ ನಡಿಗೆಯನ್ನು ಹಿಡಿದಾಗ ಭಾಷೆ ಬಾರದವರಿಗೂ ಸುಳಿವು ಸಿಕ್ಕುತ್ತದೆ. 2022ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಮಾತಿಲ್ಲದ ಸಂಗೀತದ ತುಣುಕುಗಳನ್ನು ಅಮೆರಿಕೆಯ ಎರಡು ಊರುಗಳವರಿಗೂ ಚೀನದ ಡಿಮೆನ್ ಎಂಬ ಹಳ್ಳಿಯವರಿಗೂ ಕೇಳಿಸಿ, ಮನಸ್ಸಿಗೆ ಬಂದ ಕಥೆಯನ್ನು ಹೇಳಿರೆಂದರು. ಅಮೆರಿಕೆಯ ಎರಡು ಊರವರು ಪರಸ್ಪರ ದೂರವಿದ್ದರೂ ಅವರ ಕಥೆಗಳು ಒಂದನ್ನೊಂದು ಹೋಲುತ್ತಿದ್ದವು. ಡಿಮೆನ್ನಿನವರ ಕಥೆಗಳೇ ಬೇರೆ. ಎಂದರೆ, ನಾವು ಕಾಣುವ ದೃಶ್ಯವು ಒಬ್ಬೊಬ್ಬರ ಹುಚ್ಚುಕಲ್ಪನೆಯೂ ಅಲ್ಲ, ಮಾನವರೆಲ್ಲರ ಸೊತ್ತೂ ಅಲ್ಲ. ಕೂಡಿ ಬಾಳಿದವರು ಕೂಡಿ ಕಾಣುವ ನೋಟವದು.

ಕೂಡಿ ಬಾಳುವುದರಿಂದ ನಾದಕ್ಕೆ ಅರ್ಥ ಬರುವುದಕ್ಕೆ ಆಕಾಶವಾಣಿಯ ಆರಂಭಧ್ವನಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅದರಲ್ಲಿ ಒಂದು ಮಾತೂ ಇಲ್ಲ. ಅದನ್ನು ರಚಿಸಿದ ವಾಲ್ಟರ್ ಕೌಫ್‌ಮನ್, ಹಿಟ್ಲರನ ಹಾವಳಿಯ ಕಾಲದಲ್ಲಿ ಯುರೋಪನ್ನು ಬಿಟ್ಟು 1934ರಲ್ಲಿ ಮುಂಬಯಿಗೆ ಬಂದ ಯಹೂದಿ ಸಂಗೀತಗಾರ. ಪರದೇಶಿಯೊಬ್ಬನು ಕಟ್ಟಿದ ಆ ಧ್ವನಿಯನ್ನು ಕೇಳಿದೊಡನೆ ನಮ್ಮ ಕಡೆಯ ಹಿರಿಯರಿಗೆ ಅಂಗಳಕ್ಕೆ ನೀರು ಚಿಮುಕಿಸುವ ಸದ್ದು, ಒಲೆಯ ಹೊಗೆ, ಚಹದ ವಾಸನೆ ಎಲ್ಲವೂ ಬರುತ್ತವೆ. ಅವನ್ನು ಅದರೊಳಗೆ ಇಟ್ಟವನು ಕೌಫ್‌ಮನ್ ಅಲ್ಲ. ವರ್ಷಗಟ್ಟಲೆ ನಸುಕಿನಲ್ಲಿ ಎದ್ದ ನಮ್ಮ ಮನೆಗಳು.

ಸನಾದಿಯ ಸಂಗತಿಯೂ ಹಾಗೆಯೇ. 1977ರಲ್ಲಿ ‘ಸನಾದಿ ಅಪ್ಪಣ್ಣ’ ಚಿತ್ರ ಬಂದಾಗ, ಪರದೆಯ ಮೇಲೆ ರಾಜಕುಮಾರ ಹಿಡಿದ ಸನಾದಿಗೆ ಉಸಿರು ತುಂಬಿದವರು ಕಾಶಿಯ ಬಿಸ್ಮಿಲ್ಲಾ ಖಾನರು. ಕನ್ನಡ ಬಾರದ ಉಸ್ತಾದರ ಉಸಿರಿನಲ್ಲಿ ಕನ್ನಡಿಗರು ತಮ್ಮ ಊರಿನ ವಾಲಗದವನ ಬದುಕನ್ನೇ ಕಂಡರು. ಮಾತಿಲ್ಲದುದರಿಂದಲೇ ಅದು ಸಾಧ್ಯವಾಯಿತೆಂದು ಹಲವರು ಹೇಳುತ್ತಾರೆ. ನಿಜವೇ. ಆದರೆ ಗಡಿಯಲ್ಲಿ ಬಾಳುವ ನಮಗೆ ಈ ಮಾತಿಗೆ ಇನ್ನೊಂದು ಮಗ್ಗುಲೂ ಇದೆ.

ಬಂಧುಗಳ ಮನೆಯ ಒಂದು ಮದುವೆಯಲ್ಲಿ ಸನಾದಿಯವನು ಅಭಂಗಗಳನ್ನೂ ಚಿತ್ರಗೀತೆಗಳನ್ನೂ ನುಡಿಸಿ, ನಡುವೆ ಒಂದು ಹಳೆಯ ಧಾಟಿಯನ್ನು ಎತ್ತಿಕೊಂಡನು. ನೆರೆದವರು ಮಾತನಾಡುತ್ತಲೇ ಇದ್ದರು. ಮೂಲೆಯಲ್ಲಿ ಕುಳಿತ ಮುದುಕಿಯೊಬ್ಬರು ಸೆರಗಿನಿಂದ ಕಣ್ಣೊರಸಿಕೊಂಡರು. ಮರಾಠಿ ಶಾಲೆಯಲ್ಲಿ ಓದುವ ಮೊಮ್ಮಗಳು, “ಯಾಕ ಅಳಾಕತ್ತೀರಿ ಆಯಿ?” ಎಂದು ಕೇಳಿದಳು. “ಅಳೂದಲ್ಲವ್ವಾ. ನಮ್ಮವ್ವ ಬೀಸೂ ಮುಂದ ಹಾಡ್ತಿದ್ದ ಪದ ಇದು. ಅಕಿ ದನಿನ ಬಂಧಂಗಾತು” ಎಂದರು ಆಯಿ. ಮೊಮ್ಮಗಳಿಗೆ ಅದು ಕಿವಿಗೆ ಇಂಪಾದ ಒಂದು ಧಾಟಿ, ಅಷ್ಟೆ. ಅವಳು ಸನಾದಿಯವನನ್ನೇ ಕೇಳಿದಾಗ, ತನ್ನ ತಂದೆಯಿಂದ ಕಲಿತದ್ದೆಂದೂ, ಅದಕ್ಕೆ ಮಾತುಗಳಿದ್ದವೆಂಬುದೇ ತನಗೆ ಗೊತ್ತಿಲ್ಲವೆಂದೂ ಆತ ಮರಾಠಿಯಲ್ಲಿ ಹೇಳಿದನು.

ಒಂದೇ ಚಪ್ಪರದ ಕೆಳಗೆ ಒಂದೇ ನಾದ. ಒಬ್ಬರಿಗೆ ಅದರಲ್ಲಿ ಬೀಸುವ ಕಲ್ಲು, ಹಿಟ್ಟು ಮೆತ್ತಿದ ಕೈ, ನಸುಕಿನ ಹಣತೆ, ಅವ್ವನ ಕನ್ನಡ. ಇನ್ನೊಬ್ಬರಿಗೆ ಬರಿಯ ಇಂಪು. ಆ ಹುಡುಗಿಯ ಕಿವಿಯಲ್ಲಿ ಕೊರತೆಯೇನೂ ಇರಲಿಲ್ಲ; ಕೇಳಿದ ನಾದದೊಡನೆ ಕೂಡಿಸಿಕೊಳ್ಳಲು ಅವಳಿಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದಾಗ ಪದಕ್ಕೆ ಹೊತ್ತಿಲ್ಲವಾಯಿತು. ಶಾಲೆಯ ಭಾಷೆ ಬದಲಾದಾಗ ಪದಕ್ಕೆ ನಾಲಗೆಯಿಲ್ಲವಾಯಿತು. ಧಾಟಿ ಮಾತ್ರ ಸನಾದಿಯ ಹೊಟ್ಟೆಯಲ್ಲಿ ಉಳಿದುಕೊಂಡು ಬಂತು. ಒಂದು ರೀತಿಯಲ್ಲಿ ಆ ವಾದ್ಯಗಾರನು ನಮ್ಮ ಸೊತ್ತನ್ನು ತಾನರಿಯದೆ ಕಾಯ್ದನು.

ಮದುವೆಯ ಗದ್ದಲ ಮುಗಿದ ಮೇಲೆ ಆ ಹುಡುಗಿ ಆಯಿಯ ಬಳಿ ಕುಳಿತು ಪದವನ್ನು ಬರೆದುಕೊಂಡಳೆಂದು ತಿಳಿದೆವು. ಆಯಿಗೆ ನೆನಪಿದ್ದುದು ಎರಡು ನುಡಿ. ಮೂರನೆಯದು ಅರ್ಧಕ್ಕೆ ನಿಂತಿತಂತೆ. ಕನ್ನಡ ಅಕ್ಷರಗಳು ಕೈಗೆ ಅಷ್ಟಾಗಿ ಹತ್ತದ ಕಾರಣ ಅವಳು ಬರೆದುದು ದೇವನಾಗರಿಯಲ್ಲಿ. ಇದನ್ನು ಕೇಳಿ ಮೂಗು ಮುರಿದವರೂ ಇದ್ದಾರೆ. ನಮಗೆ ಹಾಗೆನ್ನಿಸಲಿಲ್ಲ. ಇನ್ನೊಮ್ಮೆ ಎಲ್ಲಿಯಾದರೂ ಆ ಧಾಟಿ ಕೇಳಿದಾಗ ಅವಳ ಕಣ್ಣ ಮುಂದೆ ಬೀಸುವ ಕಲ್ಲು ತಿರುಗೀತು.

ವಾದ್ಯವು ನುಡಿಯುವುದೇನನ್ನು ಎಂಬ ಪ್ರಶ್ನೆಗೆ ಪಂಡಿತರು ತಮ್ಮ ಉತ್ತರವನ್ನು ಕೊಡಲಿ. ಸಂಸಾರಸ್ಥರಾದ ನಮ್ಮಿಂದ ಆಗತಕ್ಕ ಕೆಲಸವೊಂದಿದೆ. ಮನೆಯಲ್ಲಿ ಕೊಳಲೋ ಸನಾದಿಯೋ ಕೇಳುತ್ತಿದ್ದಾಗ ನಿಮಗೇನು ಕಂಡಿತೆಂದು ಮಕ್ಕಳನ್ನು ಕೇಳೋಣ. ಅವರು ಕಂಡದ್ದನ್ನು ಅಲ್ಲಗಳೆಯದೆ ಕೇಳಿಕೊಳ್ಳೋಣ. ಆಮೇಲೆ ನಮಗೆ ಕಂಡದ್ದನ್ನೂ, ನಮ್ಮ ಅವ್ವಂದಿರಿಗೆ ಕಂಡಿದ್ದುದನ್ನೂ ಹೇಳೋಣ. ಮುಂದಿನ ಮದುವೆಯ ಹಂಗಾಮಿನಲ್ಲಿ ಸನಾದಿಯವನು ಹಳೆಯ ಧಾಟಿಯೊಂದನ್ನು ಎತ್ತಿಕೊಂಡಾಗ, ಅದರ ಮಾತುಗಳನ್ನು ಬಲ್ಲ ಹಿರಿಯರು ಆ ಚಪ್ಪರದಲ್ಲಿ ಇನ್ನೂ ಇದ್ದರೆ, ಅವರ ಪಕ್ಕದಲ್ಲಿ ಒಂದು ಮಗುವನ್ನು ಕೂಡಿಸೋಣ.