ಜನ್ನನ ದೋರಸಮುದ್ರಕ್ಕೆ

ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದವರಲ್ಲಿ ಊರು ನೋಡುವವರು ಕಡಿಮೆ. ಇನ್ನೊಂದು ರೈಲು ಹಿಡಿಯುತ್ತಾರೆ, ಇಲ್ಲವೇ ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕುತ್ತಾರೆ. ನಾನು ಕೊಬ್ಬರಿ ಮೂಟೆಗಳ ಲಾರಿಗಳನ್ನು ದಾಟಿಕೊಂಡು ಶಿವಾಲಯದ ದಾರಿ ಹಿಡಿದೆ. ಚೀಲದಲ್ಲಿ ಜನ್ನನ ‘ಯಶೋಧರಚರಿತೆ’ ಇತ್ತು. ಹೊಯ್ಸಳರ ಗುಡಿಗಳನ್ನು ಅವರ ಆಸ್ಥಾನದ ಕವಿಯ ಜೊತೆಯಲ್ಲೇ ನೋಡಬೇಕೆಂಬ ಬಹುಕಾಲದ ಆಸೆ ನನ್ನದು.

ಅರಸೀಕೆರೆಯ ಶಿವಾಲಯ 1220ರದು. ನಕ್ಷತ್ರಾಕಾರದ ಅದರ ಮುಖಮಂಟಪದಲ್ಲಿ ಕೂತರೆ ನಾಲ್ಕೂ ಕಡೆಯಿಂದ ಗಾಳಿ ಬೀಸುತ್ತದೆ. ಮಂತ್ರಿ ರೇಚರಸ ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಇದೇ ಊರಿನಲ್ಲಿದೆ, ಅದೂ 1220ರದೇ. ಜನ್ನ ‘ಯಶೋಧರಚರಿತೆ’ಯನ್ನು ಮುಗಿಸಿದ್ದು 1209ರಲ್ಲಿ, ‘ಅನಂತನಾಥಪುರಾಣ’ವನ್ನು ಮುಗಿಸಿದ್ದು 1230ರಲ್ಲಿ. ಈ ಎರಡು ಕಾವ್ಯಗಳ ನಡುವಿನ ವರ್ಷಗಳಲ್ಲಿ ಇಲ್ಲಿ ಶಿವನಿಗೂ ಜಿನನಿಗೂ ಗುಡಿ ಎದ್ದಿವೆ. ಕಲ್ಲುಕುಟಿಗರ ಉಳಿಯ ಸದ್ದು ಕೇಳುತ್ತಿದ್ದ ನಾಡಿನಲ್ಲಿ ಕೂತು ಬರೆದವನು ಜನ್ನ.

ಅವನ ಬರಹವೂ ಮೊದಲು ನಿಂತದ್ದು ಕಲ್ಲಿನ ಮೇಲೆಯೇ. 1191ರ ಚನ್ನರಾಯಪಟ್ಟಣದ ಶಾಸನ, 1197ರ ಅಮೃತಾಪುರದ ಶಾಸನ ಅವನ ರಚನೆ. ಅಮೃತಾಪುರ ತರೀಕೆರೆಯ ಹತ್ತಿರ. ಅಮೃತ ದಂಡನಾಯಕ ಕಟ್ಟಿಸಿದ ಅಲ್ಲಿನ ಅಮೃತೇಶ್ವರ ಗುಡಿಯಲ್ಲಿ ರೂವಾರಿ ಮಲ್ಲಿತಮ್ಮನ ಕೆಲಸವಿದೆ. ಒಂದೇ ಅಂಗಳದಲ್ಲಿ ಆ ಕಾಲದ ದೊಡ್ಡ ಶಿಲ್ಪಿಯೂ ದೊಡ್ಡ ಕವಿಯೂ ಸಿಗುತ್ತಾರೆ.

ಜಾವಗಲ್ ದಾಟಿ ಹೋದ ಬಸ್ಸು ಹಳೇಬೀಡಿನಲ್ಲಿ ನಿಂತಾಗ ಇಳಿಯಲಿಲ್ಲ. ಅದನ್ನು ಮರುದಿನಕ್ಕೆ ಉಳಿಸಿಕೊಂಡು ನೇರವಾಗಿ ಬೇಲೂರಿಗೆ ಹೋದೆ.

ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಎಲ್ಲರ ಕಣ್ಣೂ ಮೇಲೆ, ಮದನಿಕೆಯರ ಕಡೆ. ನಾನು ಅವರ ಪಾದದ ಕೆಳಗೆ ನೋಡುತ್ತ ಸುತ್ತಿದೆ. ಅಲ್ಲಿ ಶಿಲ್ಪಿಗಳು ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬರೀ ಹೆಸರಷ್ಟೇ ಅಲ್ಲ, ಎದುರಾಳಿ ರೂವಾರಿಗಳನ್ನು ಸೋಲಿಸುವವನು ಎಂಬರ್ಥದ ಬಿರುದುಗಳೂ ಇವೆ. ಕುಶಲಿಗೆ ತನ್ನ ಹೆಸರು ಹೇಳಿಕೊಳ್ಳಲು ಸಂಕೋಚವಿಲ್ಲದ ಕಾಲ ಅದು. ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡ ಜನ್ನನೂ ಅದೇ ಧೈರ್ಯದವನು. ತಾನು ದಂಡಾಧೀಶನೂ ಹೌದು, ಮಂತ್ರಿಯೂ ಹೌದು, ಕವಿಯೂ ಹೌದು ಎಂದು ಹೇಳಿಕೊಂಡವನು. ಪೊನ್ನ, ರನ್ನರ ನಂತರ ಕವಿಚಕ್ರವರ್ತಿ ಬಿರುದು ಪಡೆದವನು ಇವನೇ.

ಆ ರಾತ್ರಿ ಬೇಲೂರಿನ ವಸತಿಗೃಹದಲ್ಲಿ ‘ಯಶೋಧರಚರಿತೆ’ಯನ್ನು ಮತ್ತೆ ಓದಿದೆ. ಬಹುಪಾಲು ಕಂದಪದ್ಯಗಳ ಚಿಕ್ಕ ಕಾವ್ಯ. ನಡುರಾತ್ರಿ ಮಾವಟಿಗನ ಹಾಡು ಕೇಳಿ ರಾಣಿ ಅಮೃತಮತಿ ಮನಸೋಲುತ್ತಾಳೆ. ಅವನು ಅಷ್ಟಾವಕ್ರನಂಥ ಕುರೂಪಿ ಎಂದು ತಿಳಿದ ಮೇಲೂ ಅವಳ ಮನಸ್ಸು ತಿರುಗುವುದಿಲ್ಲ. ಕಂಡ ರಾಜ ಕತ್ತಿ ಎತ್ತಿ, ತಡೆದುಕೊಳ್ಳುತ್ತಾನೆ. ಕೆಟ್ಟ ಕನಸು ಬಿತ್ತೆಂದು ತಾಯಿಗೆ ಹೇಳಿದಾಗ ಅವಳು ಬಲಿಕೊಡು ಎನ್ನುತ್ತಾಳೆ. ಜೀವಹಿಂಸೆ ಬೇಡವೆಂದು ಹಿಟ್ಟಿನ ಹುಂಜವನ್ನು ಕಡಿದರೆ, ಅದು ಕೂಗಿಬಿಡುತ್ತದೆ. ಕೊಂದದ್ದು ಹಿಟ್ಟನ್ನಾದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತಲ್ಲ! ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಆ ಪಾಪವನ್ನು ಉಣ್ಣುತ್ತಾರೆ. ಎಂಟುನೂರು ವರ್ಷಗಳಾದರೂ ಈ ಕಥೆಯ ಬಿಸಿ ಆರಿಲ್ಲ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕ ಹುಟ್ಟಿದ್ದು ಇದರಿಂದಲೇ.

ಬೆಳಿಗ್ಗೆ ಹಳೇಬೀಡು. ಜನ್ನನ ಕಾಲಕ್ಕೆ ಇದು ದೋರಸಮುದ್ರ, ರಾಜಧಾನಿ. ಹೊಯ್ಸಳೇಶ್ವರನ ಗುಡಿಯ ಮುಂದೆ ಶಾಲಾ ಮಕ್ಕಳ ಸಾಲು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆನೆ, ಸಿಂಹ, ಕುದುರೆಗಳ ಪಟ್ಟಿಕೆಗಳನ್ನು ನೋಡಿಕೊಂಡು, ಸ್ವಲ್ಪವೇ ದೂರದ ಬಸದಿಹಳ್ಳಿಗೆ ನಡೆದೆ. ಅಲ್ಲಿ ಜನವೇ ಇರಲಿಲ್ಲ.

ಪಾರ್ಶ್ವನಾಥ ಬಸದಿಯನ್ನು ದಂಡನಾಯಕ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗೆ 1133ರಲ್ಲಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಕೈಸೇರಿದ ಹೊತ್ತಿಗೆ ವಿಷ್ಣುವರ್ಧನ ಯುದ್ಧದಲ್ಲಿ ಗೆದ್ದಿದ್ದ, ಅವನಿಗೆ ಮಗನೂ ಹುಟ್ಟಿದ್ದ. ಆ ಸಂತೋಷಕ್ಕೆ ಈ ದೇವರು ವಿಜಯಪಾರ್ಶ್ವನಾದ. ಒಳಗಿನ ಕರಿಕಲ್ಲಿನ ಕಂಬಗಳನ್ನು ಕಡೆದು ನುಣುಪು ಮಾಡಿದ್ದಾರೆ. ಕಾವಲಿನವರು, “ಇಲ್ಲಿ ನಿಂತ್ಕೊಳಿ ಸಾರ್, ಕೈ ಚಾಚಿ” ಎಂದರು. ಕಂಬದ ಉಬ್ಬಿನಲ್ಲಿ ನನ್ನ ಕೈ ಗಿಡ್ಡವಾಗಿ, ಅದರ ಕೆಳಗಿನ ತಗ್ಗಿನಲ್ಲಿ ಉದ್ದವಾಗಿ, ಒಂದೇ ಕಂಬದಲ್ಲಿ ಹಲವು ಕೈಗಳಾಗಿ ಕಂಡಿತು. ಒಳಗೆ ಆಳೆತ್ತರವನ್ನೂ ಮೀರಿ ನಿಂತ ಪಾರ್ಶ್ವನಾಥ, ತಲೆಯ ಮೇಲೆ ಹೆಡೆ.

ಈ ವಿಜಯಪಾರ್ಶ್ವನ ಬಸದಿಗೆ ಮಹಾದ್ವಾರ ಕಟ್ಟಿಸಿದವನು ಜನ್ನ. ಅವನು ನಿಂತಿದ್ದ ನೆಲ ಇದು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಗುರುತು ನನಗೆ ಬೇಕಿರಲಿಲ್ಲ. ಬಸದಿಯ ಜಗಲಿಯಲ್ಲಿ ಬಹಳ ಹೊತ್ತು ಕೂತೆ. ಆಗ ಮನಸ್ಸು ಜನ್ನನೊಬ್ಬನಲ್ಲಿ ನಿಲ್ಲದೆ ಅವನ ಮನೆತನದ ಕಡೆ ಹೊರಳಿತು.

ತಂದೆ ಸುಮನೋಬಾಣ ಒಂದನೇ ನರಸಿಂಹನ ಕಾಲದ ಕಟಕೋಪಾಧ್ಯಾಯ. ಜನ್ನನ ಸೋದರಿಯ ಗಂಡ ಮಲ್ಲಿಕಾರ್ಜುನ. ದೊರೆ ಸೋಮೇಶ್ವರನಿಗಾಗಿ ಅವನು ಹಿಂದಿನ ಕವಿಗಳ ಕಾವ್ಯಗಳಿಂದ ಒಳ್ಳೊಳ್ಳೆಯ ಪದ್ಯಗಳನ್ನು ಆರಿಸಿ, ವರ್ಣನೆಗಳ ಪ್ರಕಾರ ವಿಂಗಡಿಸಿ, ‘ಸೂಕ್ತಿಸುಧಾರ್ಣವ’ ಮಾಡಿದ. ಯಾವ ಪದ್ಯ ಉಳಿಯಬೇಕು, ಯಾಕೆ ಉಳಿಯಬೇಕು ಎಂದು ತೂಗಿ ನೋಡುವುದೇ ವಿಮರ್ಶೆಯ ಮೂಲ ಕೆಲಸ. ಆ ಅರ್ಥದಲ್ಲಿ ಮಲ್ಲಿಕಾರ್ಜುನ ಕನ್ನಡದ ದೊಡ್ಡ ವಿಮರ್ಶಕ. ಅವನ ಮಗ, ಜನ್ನನ ಸೋದರಳಿಯ ಕೇಶಿರಾಜ ಸುಮಾರು 1260ರ ಹೊತ್ತಿಗೆ ‘ಶಬ್ದಮಣಿದರ್ಪಣ’ ಬರೆದ. ಸೂತ್ರವನ್ನು ಕಂದದಲ್ಲಿ ಹೇಳಿ, ವೃತ್ತಿಯಲ್ಲಿ ಬಿಡಿಸಿ, ಪ್ರಯೋಗಕ್ಕೆ ಕವಿಗಳ ಸಾಲುಗಳನ್ನು ತಂದಿಟ್ಟ. ವ್ಯಾಕರಣದ ನಿಯಮವನ್ನು ಅವನು ಕೇಳಿದ್ದು ಪಂಪ, ಪೊನ್ನ, ಶ್ರೀವಿಜಯ, ಗಜಗ, ಅಸಗರಂಥ ಕವಿಗಳನ್ನು.

1311ರಲ್ಲಿ ಮಲಿಕ್ ಕಾಫರನ ಸೈನ್ಯ ದೋರಸಮುದ್ರಕ್ಕೆ ಬಂತು. ಆಮೇಲೆ ರಾಜಧಾನಿ ಹಾಳೂರಾಯಿತು. ಓಲೆಗರಿಗಳ ಗತಿಯೂ ಹಗುರದ್ದಲ್ಲ, ಗೆದ್ದಲು, ಮಳೆ, ಮರೆವು ಎಲ್ಲವೂ ಅವುಗಳ ಶತ್ರುಗಳೇ. ಅಸಗನ ಕನ್ನಡ ಕಾವ್ಯ ಇಂದು ಸಿಕ್ಕುವುದಿಲ್ಲ. ಗಜಗನದೂ ಹಾಗೆಯೇ. ಒಂದನೇ ಗುಣವರ್ಮನ ‘ಶೂದ್ರಕ’, ‘ಹರಿವಂಶ’ ಇಡಿಯಾಗಿ ಉಳಿದಿಲ್ಲ. ಆದರೂ ಆ ಕಾವ್ಯಗಳ ಚೂರುಗಳನ್ನಾದರೂ ನಾವು ಓದುತ್ತೇವೆ ಎಂದರೆ, ಈ ತಂದೆ ಮಕ್ಕಳಂಥವರು ಆರಿಸಿ ಎತ್ತಿಟ್ಟುಕೊಂಡಿದ್ದರಿಂದ. ಕೇಶಿರಾಜನ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಕಿಟೆಲ್ಲರು ಅಚ್ಚು ಹಾಕಿಸಿದಾಗ ದೋರಸಮುದ್ರದ ಆ ಎಚ್ಚರ ನಮ್ಮ ಕಾಲಕ್ಕೂ ತಲುಪಿತು.

ಕವಿ ಕಟ್ಟುತ್ತಾನೆ, ಒಳ್ಳೆಯ ಓದುಗ ಕಾಪಾಡುತ್ತಾನೆ. ಒಂದೇ ಮನೆಯಲ್ಲಿ ಈ ಎರಡೂ ಕೆಲಸ ನಡೆದ ಊರು ಹಳೇಬೀಡು. ಅಲ್ಲಿಗೆ ಹೋಗುವವರು ಬಸದಿಹಳ್ಳಿಗೂ ನಡೆಯಬೇಕು, ಹೋಗುವ ಮೊದಲು ಜನ್ನನ ‘ಯಶೋಧರಚರಿತೆ’ಯ ಒಂದು ಅವತಾರವನ್ನಾದರೂ ಓದಿರಬೇಕು. ಮಕ್ಕಳನ್ನು ಕರೆತರುವ ಮೇಷ್ಟ್ರುಗಳು ದೊರೆಗಳ ಹೆಸರಿನ ಜೊತೆ ಮಲ್ಲಿಕಾರ್ಜುನ, ಕೇಶಿರಾಜರ ಹೆಸರನ್ನೂ ಹೇಳಬೇಕು. ಕಲ್ಲಿನ ಗುಡಿಗಳನ್ನು ಇಲಾಖೆ ನೋಡಿಕೊಳ್ಳುತ್ತದೆ. ಈ ಮನೆತನದ ಪುಸ್ತಕಗಳಿಗೆ ನಾವು ಓದುಗರೇ ದಿಕ್ಕು.