ಚಿಕ್ಕ ವಿಮಾನವೂ ದೊಡ್ಡ ಹೊಣೆಯೂ

ನಮ್ಮ ಶಾಲೆಯ ವಿಜ್ಞಾನ ಸಂಘದ ಬಾಲಿಕೆಯರು ರೇಡಿಯೋ ಅಲೆಗಳಿಂದ ನಡೆಯುವ ಮಾದರಿ ವಿಮಾನವನ್ನು ತಾವೇ ಕಟ್ಟಿ ಹಾರಿಸುತ್ತಿರುವ ಸಂಗತಿಯು ಹಲವು ಮಂದಿ ತಾಯ್ತಂದೆಗಳ ಕಿವಿಗೆ ಬಿದ್ದಿರುವದು. “ಹೆಣ್ಣುಮಕ್ಕಳಿಗೆ ಇಂಥ ಅಪಾಯದ ಆಟವೇಕೆ?” ಎಂದು ಕೆಲವರು ನನ್ನನ್ನು ಕೇಳಿದ್ದುಂಟು. ಪ್ರಶ್ನೆಯು ಯೋಗ್ಯವಾದುದೇ. ಆದಕಾರಣ ಈ ಸಂಚಿಕೆಯಲ್ಲಿ ನನಗೆ ತೋರಿದ ಉತ್ತರವನ್ನು ಅರಿಕೆ ಮಾಡುತ್ತೇನೆ.

ಅಪಾಯವಿಲ್ಲವೆಂದು ನಾನು ಹೇಳಲಾರೆನು. ವಿಮಾನದ ತೂಕ 700 ಗ್ರಾಂ ಮಾತ್ರವೇ. ಆದರೆ ಗಂಟೆಗೆ 90 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 25 ಮೀಟರ್. ನಾಲ್ಕು ಸೆಕೆಂಡು ಕಣ್ಣು ತಪ್ಪಿತೆಂದರೆ ಅದು 100 ಮೀಟರ್ ದಾಟಿರುವದು. ವೇಗವು ಇಮ್ಮಡಿಯಾದರೆ ಪೆಟ್ಟಿನ ಶಕ್ತಿಯು ನಾಲ್ಮಡಿಯಾಗುವದು. ಹಾಗೆಂದು ತೀರ ನಿಧಾನವಾಗಿ ಹಾರಿಸಿ ಕಡಿದಾಗಿ ತಿರುಗಿಸಿದರೆ, ರೆಕ್ಕೆಯು ಎತ್ತುವ ಬಲವನ್ನು ಕಳೆದುಕೊಂಡು ವಿಮಾನವು ಮಗುಚಿ ಬೀಳುವದು. ಇದಲ್ಲದೆ, ಅದು ನಮ್ಮ ಕಡೆಗೆ ಮುಖಮಾಡಿ ಬರುವಾಗ ಅದರ ಎಡವು ನಮಗೆ ಬಲವಾಗಿ ಕಾಣುವದರಿಂದ ಹೊಸಬರ ಕೈ ತಪ್ಪುವದು ಸಹಜ.

ಹೀಗಿರುವದರಿಂದ ಕೆಲವು ನಿಯಮಗಳನ್ನು ಮಾಡಿರುತ್ತೇವೆ. 2021ರ ಡ್ರೋನ್ ನಿಯಮಗಳ ಪ್ರಕಾರ ಸರಕಾರದ ನಕಾಶೆಯಲ್ಲಿ ಹಸಿರು ವಲಯವೆಂದು ತೋರಿಸಿರುವ ಬಯಲಲ್ಲಿಯೇ, ಕಣ್ಣಿಗೆ ಕಾಣುವಷ್ಟು ದೂರದಲ್ಲಿಯೇ ಹಾರಿಸತಕ್ಕದ್ದು. ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರನ್ನು ಮೊದಲು ಚಾಲೂ ಮಾಡಿ ಕಡೆಗೆ ನಿಲ್ಲಿಸತಕ್ಕದ್ದು. ಬ್ಯಾಟರಿಯನ್ನು ಜೋಡಿಸಿದ ಕ್ಷಣದಿಂದ ಪ್ರೊಪೆಲ್ಲರಿನ ಬಳಿ ಬೆರಳು ಒಯ್ಯತಕ್ಕದ್ದಲ್ಲ. ಅಲೆಯ ಸಂಪರ್ಕವು ತಪ್ಪಿದರೆ ಮೋಟರು ತಾನಾಗಿ ನಿಲ್ಲುವದೋ ಎಂದು ನೆಲದ ಮೇಲೆಯೇ ಪರೀಕ್ಷಿಸತಕ್ಕದ್ದು. ನೋಡುವವರೆಲ್ಲರೂ ಸುಣ್ಣದ ಗೆರೆಯ ಹಿಂದೆ ನಿಲ್ಲತಕ್ಕದ್ದು; ವಿಮಾನವು ಆ ಗೆರೆಯನ್ನು ದಾಟತಕ್ಕದ್ದಲ್ಲ. ಲಿಥಿಯಮ್ ಬ್ಯಾಟರಿಯು ಹೊತ್ತಿಕೊಳ್ಳಬಹುದಾದುದರಿಂದ ಅದಕ್ಕೆ ವಿದ್ಯುತ್ತನ್ನು ತುಂಬುವಾಗ ಒಬ್ಬರು ಬಳಿಯಲ್ಲಿರತಕ್ಕದ್ದು.

ಇವೆಲ್ಲಕ್ಕೂ ಮೇಲಾದ ನಿಯಮ ಒಂದುಂಟು: ವಿಮಾನವನ್ನು ಕಳೆದುಕೊಳ್ಳಲು ಮನಸ್ಸಿಲ್ಲದವಳು ಅದನ್ನು ಹಾರಿಸತಕ್ಕದ್ದಲ್ಲ.

ಇದರ ಅರ್ಥವು ಕಳೆದ ಜನವರಿಯಲ್ಲಿ ನಮಗೆ ತಿಳಿದುಬಂತು. ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಎರಡು ತಿಂಗಳು ದುಡಿದು ಕಟ್ಟಿದ ವಿಮಾನವನ್ನು ಇಳಿಸುತ್ತಿರಲಾಗಿ, ದನ ಕಾಯುವ ಹುಡುಗನೊಬ್ಬನು ಬದುವನ್ನು ಹಾರಿ ಬಯಲಿನೊಳಕ್ಕೆ ಓಡಿಬಂದನು. ಮೋಟರಿಗೆ ಬಲಕೊಟ್ಟರೆ ವಿಮಾನವು ಅವನ ತಲೆಯ ಮೇಲೆಯೇ ಹೋಗುತ್ತಿತ್ತು. ತಿರುಗಿಸೋಣವೆಂದರೆ ಅಷ್ಟು ವೇಗವೂ ಎತ್ತರವೂ ಉಳಿದಿರಲಿಲ್ಲ. ಆಕೆಯು ತಡಮಾಡದೆ ಮೋಟರನ್ನು ನಿಲ್ಲಿಸಿ, ಅವನಿಗಿಂತ ಬಹಳ ಈಚೆಗೆ, ರಾಗಿಯ ಕೂಳೆಯಲ್ಲಿ ವಿಮಾನದ ಮೂತಿಯನ್ನು ನೆಲಕ್ಕೆ ಇಳಿಸಿದಳು. ಮೂತಿಯು ನುಚ್ಚುನೂರಾಯಿತು, ಒಂದು ರೆಕ್ಕೆ ಮುರಿಯಿತು. ಆಕೆಯ ಬಾಯಿಂದ ಬಂದ ಮೊದಲ ಮಾತು, “ಹುಡುಗನಿಗೆ ಏನೂ ಆಗಲಿಲ್ಲವಷ್ಟೆ, ಅಮ್ಮಾ?” ಎಂಬದೇ. ಅತ್ತದ್ದು ಆಮೇಲೆ.

ನೆರೆಯವರ ಮೇಲಣ ಪ್ರೀತಿಯನ್ನು ಕುರಿತು ಪ್ರಾರ್ಥನಾಸಭೆಯಲ್ಲಿ ನಾವು ವರುಷವೆಲ್ಲಾ ಬೋಧಿಸುತ್ತೇವೆ. ಅದನ್ನು ಒಂದೆರಡು ಸೆಕೆಂಡುಗಳೊಳಗೆ, ತನ್ನ ಪ್ರಿಯವಾದ ವಸ್ತುವನ್ನೇ ಬಿಟ್ಟುಕೊಟ್ಟು, ನಡೆಸಿ ತೋರಿಸುವ ಸಂದರ್ಭವು ತರಗತಿಯ ಕೋಣೆಯಲ್ಲಿ ಎಷ್ಟು ಸಾರಿ ಒದಗೀತು? ಶಕ್ತಿಯುಳ್ಳ ವಸ್ತುವನ್ನು ಹೆಣ್ಣುಮಕ್ಕಳ ಕೈಗೆ ಕೊಡದೆ ಕಾಪಾಡುವದು ಸುಲಭ. ಕೊಟ್ಟು, ಅದನ್ನು ತಡೆಯುವದಕ್ಕೂ ಕಲಿಸುವದು ಶಾಲೆಯ ಕೆಲಸವೆಂದು ನಾನು ನಂಬಿರುತ್ತೇನೆ.

ಅದೇ ಬಾಲಿಕೆಯು ಈಗ ಎರಡನೆಯ ವಿಮಾನವನ್ನು ಕಟ್ಟುತ್ತಿದ್ದಾಳೆ. ಅದು ಹಾರುವ ದಿನ ತಾಯ್ತಂದೆಗಳೂ ಹಳೆಯ ವಿದ್ಯಾರ್ಥಿನಿಯರೂ ದಯಮಾಡಿ ಬಂದು ನೋಡಬೇಕೆಂದು ಪ್ರಾರ್ಥಿಸುತ್ತೇನೆ. ತಮ್ಮೆಲ್ಲರಿಗೂ ಸ್ಥಳವುಂಟು, ಸುಣ್ಣದ ಗೆರೆಯ ಹಿಂದೆ.