ಗಾಳಿ ಬಿಟ್ಟ ಸುದ್ದಿ

ತಮ್ಮನಿಗೆ ಮುದ್ದತಿನ ಜ್ವರ ಬಂದದ್ದು ಮಳೆಗಾಲದಲ್ಲಿ ಅಂತ ಅವ್ವ ಹೇಳುತ್ತಾಳೆ, ನವರಾತ್ರಿ ಹೊತ್ತಿಗೆ ಅಂತ ಅಪ್ಪ. ನನಗೆ ನೆನಪಿರುವುದು ಕುಪವಾಡದ ನಮ್ಮ ಖೋಲಿಯ ಮುಂದಿನ ಕೆಸರು, ಅದರ ಮೇಲೆ ಕಾಲಿಟ್ಟು ದಾಟಲೆಂದು ಸಾಲಾಗಿ ಇಟ್ಟ ಇಟ್ಟಂಗಿ. ಹಾಗಾಗಿ ನನ್ನ ವೋಟು ಅವ್ವನಿಗೇ. ಸಾಂಗ್ಲಿ, ಮಿರಜ, ಕುಪವಾಡ ಮೂರನ್ನೂ ಕೂಡಿಸಿ ಮಹಾನಗರಪಾಲಿಕೆ ಮಾಡಿದ್ದು 1998ರಲ್ಲಿ. ಇದು ಅದಕ್ಕೂ ಬಹಳ ಹಿಂದಿನ ಮಾತು. ಆಗ ಕುಪವಾಡ ಅಂದರೆ ಒಂದು ಹಳ್ಳಿ, ಅದರ ಬಗಲಿಗೆ ಎಂಐಡಿಸಿಯ ಕಾರ್ಖಾನೆಗಳು, ನಡುವೆ ಜಾಲಿಕಂಟಿ.

ಅಪ್ಪ ಅಥಣಿ ಕಡೆಯಿಂದ ಹೊಟ್ಟೆಪಾಡಿಗೆ ಬಂದವನು, ಫೌಂಡ್ರಿಯಲ್ಲಿ ಮೋಲ್ಡರ್. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಎರಡನ್ನೂ ಕೂಗಿಯೇ ಮಾತಾಡುತ್ತಿದ್ದ. ಭಟ್ಟಿಯ ಸದ್ದಿನಲ್ಲಿ ದಿನವೆಲ್ಲ ಕೂಗಿ ಕೂಗಿ ಅವನ ಗಂಟಲು ಸಣ್ಣ ದನಿಯನ್ನೇ ಮರೆತಿತ್ತು. ಗುಟ್ಟು ಹೇಳಿದರೂ ಮೂರು ಖೋಲಿ ಆಚೆಯ ಕಾಕೂಗೆ ಕೇಳುತ್ತಿತ್ತು. ಆಕೆ ಅಲ್ಲಿಂದಲೇ ಉತ್ತರವನ್ನೂ ಕೊಡುತ್ತಿದ್ದಳು.

ಮುದ್ದತಿನ ಜ್ವರ ಅಂದರೆ ಟೈಫಾಯ್ಡು. ಮುದ್ದತು ತೀರಿದ ಮೇಲೆ ತಾನೇ ಇಳಿಯುತ್ತದೆ ಅನ್ನುವ ನಂಬಿಕೆ ಆಗ ಎಲ್ಲರಿಗೂ. ಕ್ಲೋರೋಮೈಸಿಟಿನ್ ನಡೆದಿತ್ತು, ಪಥ್ಯವೂ ನಡೆದಿತ್ತು. ಮೂರನೇ ವಾರದ ಒಂದು ಬೆಳಗಿನ ಜಾವ ತಮ್ಮ ಹೊಟ್ಟೆ ಹಿಡಿದುಕೊಂಡು ಚೀರಿದ. ಅವ್ವ ಮುಟ್ಟಿ ನೋಡಿದಳು. ಹೊಟ್ಟೆ ಹಲಗೆಯಾಗಿತ್ತು. ಈ ಜ್ವರದಲ್ಲಿ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹುಣ್ಣುಗಳಾಗುತ್ತವೆ, ಮೂರನೇ ವಾರದ ಸುಮಾರಿಗೆ ಅವುಗಳಲ್ಲೊಂದು ತೂತು ಬೀಳಬಹುದು ಅನ್ನುವುದು ನಮಗೆಲ್ಲ ತಿಳಿದದ್ದು ಆಮೇಲೆ. ಅಪ್ಪ ಹುಡುಗನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಟ. ಟಾಂಗಾದಲ್ಲಿ ಹೋದನೋ ಫ್ಯಾಕ್ಟರಿಯ ಟೆಂಪೋದಲ್ಲೋ, ಇದರ ಮೇಲೂ ನಮ್ಮ ಮನೆಯಲ್ಲಿ ಎರಡು ಪಾರ್ಟಿ.

ಹೋದದ್ದು ಮಿರಜದ ಮಿಷನ್ ದವಾಖಾನೆಗೆ. ನಮ್ಮ ಕಡೆಯ ಜನಕ್ಕೆ ಮಿರಜ ಅಂದರೆ ಮೊದಲು ದವಾಖಾನೆ, ಆಮೇಲೆ ಊರು. ಅಥಣಿ, ಕಾಗವಾಡ, ರಾಯಬಾಗ, ಜತ್ತ ಎಲ್ಲಿಯ ರೋಗಿಯಾದರೂ ಕೈಮೀರಿದರೆ ‘ಮಿರಜಕ್ಕ ಒಯ್ರಿ’ ಅನ್ನುವುದೇ ಮಾತು. ಕೆನಡಾದಲ್ಲಿ ಹುಟ್ಟಿದ ಡಾಕ್ಟರ್ ವಿಲಿಯಂ ವಾನ್ಲೆಸ್ 1889ರಲ್ಲಿ ಈ ಸೀಮೆಗೆ ಬಂದು, 1894ರಲ್ಲಿ ಮಿರಜದಲ್ಲಿ ಆ ಆಸ್ಪತ್ರೆ ತೆರೆದರು. ಬ್ರಿಟಿಷ್ ಸರ್ಕಾರ ಅವರಿಗೆ ‘ಸರ್’ ಪದವಿಯನ್ನೂ ಕೊಟ್ಟಿತು. ವಾರ್ಡಿನ ಒಬ್ಬ ಮುದುಕ ಈ ಸಂಗತಿಯನ್ನು ಭಾರೀ ಗೌರವದಿಂದ ಹೇಳಿದಾಗ ಅಪ್ಪ, “ಸರ್ ಅಂತ ನಾವು ಸೂಪರ್‌ವೈಜರಗೂ ಅಂತೀವಲ್ರಿ, ಅದ್ರಾಗೇನೈತಿ?” ಅಂದನಂತೆ. ಮುದುಕ ಒಂದು ದಿನ ಮಾತು ಬಿಟ್ಟಿದ್ದ.

ಆಪರೇಷನ್ ಆಯಿತು. ತೂತು ಹೊಲಿದು, ಹೊಟ್ಟೆ ತೊಳೆದು, ಮೂಗಿನಲ್ಲಿ ನಳಿಗೆ ಹಾಕಿ ಹೊರಗೆ ತಂದರು. ಅವ್ವನ ಮಡಿಲಲ್ಲಿ ಹಸುಗೂಸು ನಮ್ಮ ತಂಗಿ, ಹಾಗಾಗಿ ದವಾಖಾನೆಯಲ್ಲಿ ಕೂಡುವ ಕೆಲಸ ಅಪ್ಪನಿಗೇ ಬಂತು. ಮನೆಯಲ್ಲಿ ನೀರಿನ ತಂಬಿಗೆಯನ್ನೂ ತಾನಾಗಿ ಎತ್ತಿಕೊಂಡವನಲ್ಲ. ಅಂಥವನು ಮಂಚದ ಬದಿಗೆ ಸ್ಟೂಲು ಹಾಕಿಕೊಂಡು ಸಲಾಯಿನ್ ಹನಿ ಎಣಿಸುತ್ತ ಕೂತ. ಎಣಿಸುವುದೂ ಗಟ್ಟಿಯಾಗಿಯೇ. ಕೇರಳದ ಒಬ್ಬ ಸಿಸ್ಟರ್ ಬಂದು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, “ಮಾಮಾ, ಮನಸ್ಸಿನಾಗ ಎಣಸರೀ” ಅಂದಳು. ಅಪ್ಪನಿಗೆ ಮನಸ್ಸಿನೊಳಗೆ ಎಣಿಸಲು ಬರುತ್ತಿರಲಿಲ್ಲ. ತುಟಿ ಅಲ್ಲಾಡಿಸುವಷ್ಟಕ್ಕೆ ಒಪ್ಪಂದವಾಯಿತು.

ಎಲ್ಲಕ್ಕಿಂತ ಕಠಿಣವಾದದ್ದು ನೀರು. ಬಾಯಲ್ಲಿ ಒಂದು ಹನಿಯನ್ನೂ ಹಾಕುವ ಹಾಗಿಲ್ಲ. ಒದ್ದೆ ಹತ್ತಿಯಿಂದ ತುಟಿ ಒರೆಸುವುದಷ್ಟೇ. ತಮ್ಮ ಆ ಹತ್ತಿಯನ್ನೇ ಹಲ್ಲಿನಿಂದ ಕಚ್ಚಿ ಹಿಡಿದು ಹೀರುತ್ತಿದ್ದ, ಬಿಡಿಸಿಕೊಳ್ಳಲು ಅಪ್ಪ ಗಲ್ಲ ಒತ್ತಬೇಕಾಗುತ್ತಿತ್ತು. ಬೀಡದ, ಅಂದರೆ ಎರಕದ ಕಬ್ಬಿಣದ, ಕಾವು ತಾಗಿ ತಾಗಿ ಚುಕ್ಕೆ ಚುಕ್ಕೆ ಸುಟ್ಟ ಆ ದಪ್ಪ ಬೆರಳುಗಳಿಂದ. “ಅಪ್ಪಾ, ಒಂದ ಗುಟುಕ” ಅನ್ನುತ್ತಿದ್ದನಂತೆ ಹುಡುಗ. ಅವನೆದುರು ಅಪ್ಪನೂ ನೀರು ಕುಡಿಯುತ್ತಿರಲಿಲ್ಲ, ವರಾಂಡದ ಆಚೆ ನಳದ ಹತ್ತಿರ ಹೋಗಿ ಕುಡಿದು, ಮೀಸೆ ಒರೆಸಿಕೊಂಡು ಒಳಗೆ ಬರುತ್ತಿದ್ದ. ನಾನು ಮಧ್ಯಾಹ್ನ ರೊಟ್ಟಿ, ಝುಣಕ, ಶೇಂಗಾ ಚಟ್ನಿಯ ಗಂಟು ಒಯ್ದರೆ ಅದನ್ನೂ ಹೊರಗೇ ಬಿಚ್ಚಬೇಕು. ಚಟ್ನಿಯ ವಾಸನೆ ವಾರ್ಡಿನೊಳಗೆ ಹೋಗಬಾರದೆಂದು ಗಾಳಿ ಯಾವ ಕಡೆಗೆ ಬೀಸುತ್ತಿದೆ ನೋಡಿ ಕೂಡುತ್ತಿದ್ದ.

ಗಾಳಿ ಅಂದೆನಲ್ಲ, ಕಥೆ ಇರುವುದೇ ಅದರಲ್ಲಿ. ಡಾಕ್ಟರರು ದಿನಾ ಬಂದು ಹೊಟ್ಟೆಯ ಮೇಲೆ ನಳಿಗೆ ಇಟ್ಟು ಕೇಳುತ್ತಿದ್ದರು, ಆಮೇಲೆ ಅಪ್ಪನಿಗೆ ಒಂದೇ ಪ್ರಶ್ನೆ: “ಗಾಳಿ ಹೋಯ್ತೇನು?” ಅಪ್ಪ ಮೊದಲ ದಿನ ಕಿಟಕಿ ನೋಡಿದ. ಕರುಳಿಗೆ ಕತ್ತರಿ ಬಿದ್ದರೆ ಅದು ಕೆಲವು ದಿನ ನಿದ್ದೆ ಹೋಗುತ್ತದೆ, ಎಚ್ಚರಾಗಿ ಹರಿದಾಡತೊಡಗಿದರೆ ಗಾಳಿ ಕೆಳಗಿಂದ ಹೋಗುತ್ತದೆ, ಅದು ಹೋದರೇನೇ ನೀರು ಅಂತ ಸಿಸ್ಟರ್ ಬಿಡಿಸಿ ಹೇಳಿದಳು. ಅಪ್ಪನ ಮುಖ ಅರಳಿತಂತೆ. ಈ ವಿದ್ಯೆ ಅವನಿಗೆ ಗೊತ್ತಿತ್ತು. ಉಸುಕಿನ ಅಚ್ಚಿಗೆ ಕರಗಿದ ಬೀಡ ಸುರಿಯುವ ಮೊದಲು ಮೋಲ್ಡರ್ ಸಣ್ಣ ಸಳಿಯಿಂದ ಅಚ್ಚಿಗೆ ಅಲ್ಲಲ್ಲಿ ಚುಚ್ಚಬೇಕು. ಬಿಸಿಗೆ ಒದ್ದೆ ಉಸುಕಿನಿಂದ ಏಳುವ ಹಬೆಗೂ ಗಾಳಿಗೂ ದಾರಿ ಬೇಕು. ದಾರಿ ಸಿಗದಿದ್ದರೆ ಮಾಲಿನೊಳಗೇ ಗುಳ್ಳೆ ಕೂತು ತೂತಾಗುತ್ತದೆ, ಬ್ಲೋ ಹೋಲ್. ಆ ಮಾಲು ಮತ್ತೆ ಭಟ್ಟಿಗೇ. “ಸಿಸ್ಟರ್, ಗಾಳಿ ಹೋಗದ ಎರಕ ಸುದ್ದ ಆಗೂದಿಲ್ರಿ” ಅಂತ ಅವಳಿಗೇ ಪಾಠ ಹೇಳಿದನಂತೆ.

ಅಂದಿನಿಂದ ಅಪ್ಪನಿಗೆ ಬೇರೆ ಧ್ಯಾನವಿಲ್ಲ. ಬಗಲಿನ ಮಂಚದವರು, ಆಚೆ ಮಂಚದವರು, ಅವರನ್ನು ನೋಡಲು ಬಂದ ಬೀಗರು, ಎಲ್ಲರೂ ಹೋಗುವಾಗ ಬರುವಾಗ “ಹೋಯ್ತೇನ್ರಿ?” ಅಂತ ಕೇಳುವವರೇ. ಉಗಾರದಿಂದ ಮೀಟರ್‌ಗೇಜ್ ಗಾಡಿಯಲ್ಲಿ ಆಯಿ ಬಂದಳು. ಅಪ್ಪನ ಅವ್ವ. ಯಾರನ್ನೂ ಕೇಳದೆ ನೆಟ್ಟಗೆ ಮೀರಾಸಾಹೇಬರ ದರ್ಗಾಕ್ಕೆ ಹೋಗಿ ಸಕ್ಕರೆ ಹರಕೆ ಹೊತ್ತಳು. ಅಬ್ದುಲ್ ಕರೀಂ ಖಾನ್‌ಸಾಹೇಬರ ಗೋರಿ ಅದೇ ದರ್ಗಾದಲ್ಲಿದೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರು ಅವರು, 1937ರಲ್ಲಿ ತೀರಿಕೊಂಡವರು. ನನಗೆ ಇದು ಗೊತ್ತಾದದ್ದು ರೇಡಿಯೋದ ಹುಚ್ಚು ಹಿಡಿದ ಮೇಲೆ. ಆಯಿಗೆ ಹೇಳಿದ್ದರೆ, “ಹಾಡಾವ್ರ ಇರ್ಲಿ, ನನ್ನ ಕೂಸಿನ ಗಾಳಿ ಹೋಗ್ಲಿ” ಅಂದಿರುತ್ತಿದ್ದಳು.

ಅದು ಹೋದದ್ದು ರಾತ್ರಿ. ಎಷ್ಟನೆಯ ರಾತ್ರಿಯೋ ಅಪ್ಪನಿಗೇ ನೆನಪಿಲ್ಲ. ಹೊರಗೆ ಜಿಟಿಜಿಟಿ ಮಳೆ, ವಾರ್ಡಿನಲ್ಲಿ ಎಲ್ಲರೂ ಮಲಗಿದ್ದರು. ಸಣ್ಣದೊಂದು ಸಪ್ಪಳ. ಅಪ್ಪ ಸ್ಟೂಲಿನಿಂದ ಎದ್ದು, ಚಾದರ ಎತ್ತಿ, ಮೂಗಿನಿಂದಲೂ ಖಾತ್ರಿ ಮಾಡಿಕೊಂಡು, ಫೌಂಡ್ರಿಯ ಕಂಠದಲ್ಲಿ ಕೂಗಿದ: “ಹೋಯ್ತರೀ! ಗಾಳಿ ಹೋಯ್ತು!” ವಾರ್ಡೇ ಎದ್ದು ಕೂತಿತು. ಮಾತು ಬಿಟ್ಟಿದ್ದ ಮುದುಕ “ಪಾವಲಾ ರೇ ದೇವಾ” ಅಂತ ಕೈಮುಗಿದ. ಯಾರೋ ನಕ್ಕರು, ಯಾರೋ ಬೈದರು. ಸಿಸ್ಟರ್ ಓಡಿ ಬಂದವಳು ಸಿಟ್ಟು ಮಾಡಬೇಕೋ ಖುಷಿಪಡಬೇಕೋ ತಿಳಿಯದೆ ಅಪ್ಪನಿಗೆ ಕೂತುಕೋ ಅಂದಳು. ಅಪ್ಪ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡನೆಂದು ಮುದುಕನೇ ಆಮೇಲೆ ಆಯಿಗೆ ಹೇಳಿದ್ದು. ಅಪ್ಪ ಈ ಭಾಗ ಹೇಳುವುದಿಲ್ಲ.

ಮರುದಿನ ಡಾಕ್ಟರರು ನಳಿಗೆ ಇಟ್ಟು ಕೇಳಿ, ತಲೆ ಆಡಿಸಿ, ಚಮಚದಲ್ಲಿ ನೀರು ಕೊಡಲು ಹೇಳಿದರು. ಆಮೇಲೆ ಅಕ್ಕಿಗಂಜಿಯ ತಿಳಿ, ಸಾಬೂದಾಣಿ ಪೇಜ. ತಮ್ಮನಿಗೆ ಮಾತ್ರ ಬೇಕಾದದ್ದು ಭಡಂಗ, ಬಳ್ಳೊಳ್ಳಿ ಹಾಕಿದ್ದು, ಖಾರದ್ದು. ಮನೆಗೆ ಬಂದ ಮೇಲೆ ತಲೆಗೂದಲು ಉದುರಿತು, ಕಾಲು ಸಣ್ಣಗೆ ಕಡ್ಡಿಯಾಗಿದ್ದವು. ಅಪ್ಪ ಪಾಳಿ ಮುಗಿಸಿ ಬಂದು, ಅವನ ಎರಡೂ ಪಾದಗಳನ್ನು ತನ್ನ ಪಾದದ ಮೇಲೆ ನಿಲ್ಲಿಸಿಕೊಂಡು ಇಟ್ಟಂಗಿ ಸಾಲಿನ ಮೇಲೆ ನಡೆಸುತ್ತಿದ್ದ. ಕಾಕೂ ತನ್ನ ಬಾಗಿಲಲ್ಲಿ ನಿಂತು ಹೆಜ್ಜೆ ತಪ್ಪಿದಾಗಲೆಲ್ಲ ಅಪ್ಪನನ್ನೇ ಬಯ್ಯುತ್ತಿದ್ದಳು.

ತಮ್ಮ ಈಗ ಪುಣೆಯಲ್ಲಿದ್ದಾನೆ. ತಲೆಗೂದಲು ಎರಡನೇ ಸಲವೂ ಉದುರಿದೆ, ಜ್ವರದಿಂದಲ್ಲ. ಒದ್ದೆ ಹತ್ತಿಯ ರುಚಿಯೊಂದು ಬಿಟ್ಟು ಅವನಿಗೆ ಆ ದವಾಖಾನೆಯ ಯಾವುದೂ ನೆನಪಿಲ್ಲ. ಹಬ್ಬಕ್ಕೆ ಬಂದಾಗ ಊಟವಾಗಿ ಎಲೆ-ಅಡಿಕೆ ಬಿಚ್ಚಿದರೆ ಅಪ್ಪ ಮೊಮ್ಮಕ್ಕಳಿಗೆ ಈ ಕಥೆ ಶುರು ಮಾಡುತ್ತಾನೆ, ಆ ‘ಹೋಯ್ತರೀ’ ಮಾತ್ರ ಇಂದಿಗೂ ಅದೇ ದನಿಯಲ್ಲಿ. ತಮ್ಮ ಅದೆಲ್ಲ ಕಟ್ಟುಕತೆ ಅನ್ನುತ್ತಾನೆ. “ಕಟ್ಟುಕತಿ ಏನೋ? ಇಡೀ ವಾರ್ಡ ಕೇಳೈತಿ” ಅಂತ ಅಪ್ಪ ಏರುತ್ತಾನೆ. 

“ಕೇಳಿರಬೇಕು ಬಿಡು,” ಅನ್ನುತ್ತಾನೆ ತಮ್ಮ, “ಆದ್ರ ಅಪ್ಪಾ, ಅದು ನಿಂದ ಇದ್ದೀತು ನೋಡು.”